ಹದಿನೇಳನೇ ಸ್ಯಾಂಪಲ್

"ಆ ಹದಿನೇಳನ್ನು ತೆಗೆದುಹಾಕು ಪ್ರಭಾ. ಫೈಬರ್ ಕೆಟ್ಟಿತ್ತು ಅಂತ ಬರಿ," ಎಂದರು ಲ್ಯಾಬಿನ ಮುಖ್ಯಸ್ಥ ರಮಾಕಾಂತ, ಲ್ಯಾಪ್‌ಟಾಪಿನಿಂದ ಕಣ್ಣು ಎತ್ತದೆ.

ಪ್ರಭಾ ನಿಂತಲ್ಲಿಂದ ಕದಲಲಿಲ್ಲ. ಜೂನ್ ತಿಂಗಳಲ್ಲೂ ಅವರು ಇದೇ ಮಾತು ಹೇಳಿದ್ದರು, ಅವಳು ಹಾಗೆಯೇ ಬರೆದಿದ್ದಳು. ಈಗ ಅಕ್ಟೋಬರ್.

ಮಹಾಪೆಯ ಆ ಪುಟ್ಟ ಲ್ಯಾಬಿನಲ್ಲಿ ಮೂತ್ರದಲ್ಲಿರುವ ಪ್ರೋಟೀನನ್ನು ಪತ್ತೆಹಚ್ಚುವ ಸೆನ್ಸರ್ ತಯಾರಾಗುತ್ತಿತ್ತು. ಫೈಬರ್ ಅಂದರೆ ಕೂದಲಿನಂಥ ಗಾಜಿನ ಎಳೆ, ಅದರ ತುದಿಗೆ ಒಂದು ಲೇಪ. ಪ್ರೋಟೀನ್ ಬಂದು ಲೇಪಕ್ಕೆ ಅಂಟಿದರೆ ಎಳೆಯೊಳಗಿನ ಬೆಳಕು ಬದಲಾಗಿ, ಪರದೆಯ ಮೇಲಿನ ಗೆರೆ ಸರಿಯುತ್ತಿತ್ತು. ಕಿಡ್ನಿ ಕೆಡುತ್ತಿರುವುದು ರೋಗಿಗೆ ಗೊತ್ತಾಗುವ ಮೊದಲೇ ಇದಕ್ಕೆ ಗೊತ್ತಾಗಬೇಕು. ಹೋಲಿಸಿ ನೋಡಲು ಆರೋಗ್ಯವಂತರ ಮೂತ್ರವೂ ಬೇಕಾದಾಗ ಪ್ರಭಾ ಡೊಂಬಿವಲಿಯ ತನ್ನ ಅಣ್ಣನ ಹೋಟೆಲಿಗೆ ಹೋಗಿ ಕೆಲಸದವರನ್ನು ಕೇಳಿದ್ದಳು. ದೋಸೆ ಹೊಯ್ಯುವ ಯಂಕಣ್ಣ ಎರಡನೇ ಮಾತಿಲ್ಲದೆ, ನಗುತ್ತ ಡಬ್ಬಿ ತೆಗೆದುಕೊಂಡಿದ್ದ. ಹದಿನೇಳು ಅವನದು.

ನಾಳೆ ದೊಡ್ಡ ಕಂಪನಿಯವರು ಸೆನ್ಸರ್ ನೋಡಲು ಬರುವವರಿದ್ದರು. ಅಂಕಿಗಳನ್ನು ತಾಳೆ ನೋಡುವಾಗ ಪ್ರಭಾಳಿಗೆ ಅನುಮಾನ ಬಂದು, ಫ್ರೀಜರಿನಲ್ಲಿದ್ದ ಅದೇ ಸ್ಯಾಂಪಲನ್ನು ಮೂರು ಹೊಸ ಫೈಬರಿನಲ್ಲಿ ಪರೀಕ್ಷಿಸಿದ್ದಳು. ಮೂರು ಸಲವೂ ಗೆರೆ ರೋಗಿಗಳ ಸಾಲಿಗೇ ಹೋಗಿ ನಿಂತಿತ್ತು.

"ಫೈಬರ್ ಸರಿಯಾಗಿದೆ ಸರ್. ಆ ಮನುಷ್ಯನಿಗೇ ಹುಷಾರಿಲ್ಲ. ಹೇಳ್ಬೇಕು."

ರಮಾಕಾಂತ ಮಗುವಿಗೆ ವಿವರಿಸುವಂತೆ ವಿವರಿಸಿದರು. ಫಾರ್ಮಿನಲ್ಲಿ ಹೆಸರಿಲ್ಲ, ಬರೀ ನಂಬರು. ಸರಕಾರದ ಒಪ್ಪಿಗೆ ಇನ್ನೂ ಸಿಗದ ಯಂತ್ರದ ಫಲಿತಾಂಶವನ್ನು ಯಾರಿಗೂ ಕೊಡುವಂತಿಲ್ಲ. ಅದಲ್ಲದೆ ಆರೋಗ್ಯವಂತರ ಗುಂಪಿನಲ್ಲಿ ಇಂಥದೊಂದು ಅಂಕಿ ಕಂಡರೆ ನಾಳೆ ನೂರು ಪ್ರಶ್ನೆ.

"ನಾವು ಡಾಕ್ಟರಲ್ಲ. ನಾವು ಫೈಬರ್ ಟೆಸ್ಟ್ ಮಾಡೋರು, ಮನುಷ್ಯರನ್ನಲ್ಲ."

ಪ್ರಭಾಳಿಗೆ ಮೈ ಉರಿದುಹೋಯಿತು. ಅವರ ಮೇಲೆ ಬಂದ ಸಿಟ್ಟಿಗಿಂತ, ಜೂನಿನಲ್ಲಿ ಒಂದು ಮಾತೂ ಆಡದೆ ಅವರು ಹೇಳಿದ್ದನ್ನು ಬರೆದ ತನ್ನ ಕೈಯ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ರಿಜಿಸ್ಟರ್ ಎಳೆದುಕೊಂಡು, ಫೈಬರಿನಲ್ಲಿ ದೋಷವಿಲ್ಲ, ಮೂರು ಸಲ ನೋಡಿದ್ದೇನೆ ಎಂದು ಕಾಗದ ಹರಿಯುವಷ್ಟು ಒತ್ತಿ ಬರೆದು ಸಹಿ ಹಾಕಿದಳು. ಅದನ್ನು ಹೇಳಲು ಈಗ ಹೋದರೆ ನಾಳೆ ಬರುವುದು ಬೇಡ ಎಂದರು ಅವರು. ಅವಳು ಬ್ಯಾಗ್ ತೆಗೆದುಕೊಂಡಳು.

ಠಾಣೆಯಲ್ಲಿ ಟ್ರೇನ್ ಬದಲಿಸಿ ಡೊಂಬಿವಲಿ ತಲುಪುವಾಗ ಮಧ್ಯಾಹ್ನದ ಗಿರಾಕಿಗಳು ಕರಗಿದ್ದರು. ಯಂಕಣ್ಣ ಕಾವಲಿ ಉಜ್ಜುತ್ತಿದ್ದ. ಅವನ ಪಾದಗಳು ಚಪ್ಪಲಿಯಿಂದ ಹೊರಗೆ ಉಬ್ಬಿದ್ದವು. ಪ್ರಭಾ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಅವನು ಹೆದರಿಯಾನು ಎಂದುಕೊಂಡಿದ್ದಳು. ಅವನು ಹೆದರಲಿಲ್ಲ.

"ಜೂನಲ್ಲೇ ಗೊತ್ತಿತ್ತಾ ನಿಮಗೆ?"

"ಯಂತ್ರ ಹೇಳಿತ್ತು. ನಾನು ಸುಮ್ಮನಿದ್ದೆ."

ಯಂಕಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ. "ನಾಲ್ಕು ತಿಂಗಳಿಂದ ಕಾಲು ಊದ್ತಾ ಉಂಟು ಪ್ರಭಕ್ಕ. ನಿಂತು ನಿಂತು ಹಾಗಾದದ್ದು ಅಂತ ಎಣ್ಣೆ ತಿಕ್ಕಿಕೊಂಡು ಇದ್ದೆ. ನೀವು ಪ್ರತಿ ಆದಿತ್ಯವಾರ ಬಂದು ನನ್ನ ಕೈಯ ದೋಸೆ ತಿಂದು ಹೋದಿರಿ."

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ. ನಾನೂ ಬರ್ತೇನೆ," ಎಂದಳು ಪ್ರಭಾ.

ಮರುದಿನ ಬೆಳಿಗ್ಗೆ ಇಬ್ಬರೂ ಸರಕಾರಿ ಆಸ್ಪತ್ರೆಗೆ ಹೋದರು. ನರ್ಸ್ ಮೂತ್ರದಲ್ಲಿ, ಪ್ರೋಟೀನ್ ಇದ್ದರೆ ಬಣ್ಣ ಬದಲಿಸುವ ಒಂದು ಪಟ್ಟಿ ಅದ್ದಿದಳು. ಅದರ ಹಳದಿ ಬಣ್ಣ ಒಂದೇ ನಿಮಿಷದಲ್ಲಿ ಗಾಢ ಹಸಿರಾಯಿತು. ಇದು ಮೊದಲು ಗೊತ್ತಾದದ್ದು ಯಾವಾಗ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ಯಂಕಣ್ಣ ಪ್ರಭಾಳ ಮುಖವನ್ನೇ ನೋಡಿದ.

"ಜೂನಲ್ಲಿ," ಎಂದಳು ಅವಳು.

ಡಾಕ್ಟರ ಪೆನ್ನು ಒಂದು ಕ್ಷಣ ನಿಂತು, ಮತ್ತೆ ಬರೆಯಿತು.

ರಕ್ತ ಪರೀಕ್ಷೆಗೆ ಉದ್ದ ಸರತಿ ಇತ್ತು. ಯಂಕಣ್ಣ ಬೆಂಚಿನ ಕೊನೆಯಲ್ಲಿ ಕೂತು, ಪಕ್ಕದ ಖಾಲಿ ಜಾಗದಲ್ಲಿ ತನ್ನ ಕೈಚೀಲವನ್ನಿಟ್ಟುಕೊಂಡ. ಪ್ರಭಾ ಅವನ ಕೇಸ್ ಪೇಪರ್ ಹಿಡಿದುಕೊಂಡು ಗೋಡೆಗೊರಗಿ ನಿಂತಳು.