ಹಬ್ಬಿನೊಳಗಿನ ತಗಡು

ಆಕ್ಸಲ್ಲನ್ನು ಮುಟ್ಟಿಯೂ ನೋಡದೆ ಮಾವ ತೀರ್ಪು ಕೊಟ್ಟದ್ದನ್ನು ಸೊಸೆ ಕಂಡದ್ದು ಅದೇ ಮೊದಲು.

"ಆ ಕಾರಿನ ಆಕ್ಸಲ್ ನಿಮ್ಮದಕ್ಕೆ ಕೂಡಲ್ಲ ಬಿಡಿ ವಕೀಲರೇ," ಎಂದವರು, ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತ ಕಾರಿನತ್ತ ತಿರುಗಿಯೂ ನೋಡದೆ ಬೇರಿಂಗ್ ತರಲು ಪೇಟೆಗೆ ಹೊರಟುಬಿಟ್ಟರು. ಹಳೇ ಕಾರಿನ ಎರಡೂ ಹಿಂದಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ಶಾಫ್ಟ್ ಎಷ್ಟು ಸುತ್ತು ಬಂತು ಎಂದು ಎಣಿಸಿ, ಆಕ್ಸಲ್ಲಿನ ಜಾತಕವನ್ನೇ ಹೇಳುವ ಮನುಷ್ಯ ಅವರು.

"ನಿಮ್ಮ ಮಾವನಿಗೆ ಇವತ್ತು ಮೂಗಿನ ತುದೀಲೇ ಸಿಟ್ಟು," ವಕೀಲರು ನಕ್ಕರು. "ನೀವೂ ಇದೇ ಕೆಲಸ ಕಲಿತವರಲ್ಲವೇನಮ್ಮ? ಒಂದು ಸಲ ನೋಡಿ. ನನ್ನ ಕಾರು ಮುದುಕ ಆಗಿದ್ದರೂ ಇನ್ನೂ ಸಾಯೋ ಮನಸ್ಸು ಮಾಡಿಲ್ಲ."

ಟಾರ್ಪಾಲಿನ ಕೆಳಗಿದ್ದದ್ದು ಅವಳ ಗಂಡನ ಕಾರು. ತವರಿನಲ್ಲಿದ್ದ ಅವಳನ್ನು ಕರೆತರಲು ಹೊರಟವನು ಮರಕ್ಕೆ ಗುದ್ದಿ ಹೋಗಿಬಿಟ್ಟಿದ್ದ. ಗುದ್ದಿದ ರಭಸಕ್ಕೆ ಆಕ್ಸಲ್ ಮುರಿದು ಚಕ್ರ ಕಳಚಿತು ಎಂದರು ಮಾವ. ಅಷ್ಟು ರಭಸ ಯಾಕಂತೆ? ಹೆಂಡತಿ ಫೋನು ಮಾಡಿ 'ಬೇಗ ಬನ್ನಿ' ಅಂದಿದ್ದಳಂತೆ. "ಇವಳ ಅವಸರಕ್ಕೆ ನನ್ನ ಮಗ ಹೋದ" ಎಂದು ಅತ್ತೆ ಬಂದವರೆದುರಿಗೆಲ್ಲ ಹೇಳುತ್ತಿದ್ದರು. ಅವಳು ಎದುರಾಡಲಿಲ್ಲ. ಬೇಗ ಬನ್ನಿ ಎಂದದ್ದು ನಿಜವೇ ತಾನೆ? ಆ ಎರಡು ಮಾತು ತುತ್ತು ಎತ್ತುವಾಗ, ತಲೆ ಬಾಚುವಾಗ, ಯಾರಾದರೂ ತಮಾಷೆ ಮಾಡಿ ನಗು ಬರುವಾಗ ಅಡ್ಡ ಬರುತ್ತಿದ್ದವು.

ಕಳಚಿದ ಚಕ್ರ ಕಾರಿನ ಹಿಂದಿನ ಡಿಕ್ಕಿಯೊಳಗೆ ಹಾಗೇ ಬಿದ್ದಿತ್ತು. ಅದರ ನಡುವಿನ ಹಬ್ಬಿನಲ್ಲಿ ಮುರಿದ ಆಕ್ಸಲ್ ಶಾಫ್ಟಿನ ತುಂಡು ಇನ್ನೂ ಸಿಕ್ಕಿಕೊಂಡಿತ್ತು. ಮುರಿಯದ ಬದಿಯ ಆಕ್ಸಲ್ ವಕೀಲರ ಕಾರಿಗೆ ಕೂಡೀತೇ ಎಂದು ಇದರ ಅಳತೆ ನೋಡಲು ಅವಳು ನಟ್ಟು ಬಿಚ್ಚಿ, ಪುಲ್ಲರ್ ಹಾಕಿ ಎಳೆದಳು. ತುಂಡು ಹೊರಗೆ ಬಂತು. ಅದರ ಜೊತೆಗೆ ಸುರುಳಿ ಸುತ್ತಿದ ಒಂದು ತಗಡೂ ಬಂತು.

ಅವಳು ಚೂಪಾಗುತ್ತಾ ಹೋಗುವ ಶಾಫ್ಟಿನ ತುದಿಗೆ ಸೀಮೆಸುಣ್ಣ ಬಳಿದು, ಹಬ್ಬಿಗೆ ತೂರಿಸಿ ತಿರುವಿ ತೆಗೆದಳು. ಸುಣ್ಣ ಒಂದೇ ಅಂಚಿನಲ್ಲಿ ಅಳಿಸಿತ್ತು. ಮಿಕ್ಕ ಕಡೆ ಒಂದಕ್ಕೊಂದು ತಾಗಿಯೇ ಇಲ್ಲ. ಶಾಫ್ಟ್ ಬೇರೆ ವರ್ಷದ ಗಾಡಿಯದ್ದು. ಆ ಸಂದಿಗೆ ತಗಡು ತುರುಕಿದ್ದರು. ತಗಡು ಕೂಡ ಸವೆದು, ಕನ್ನಡಿಯಂತೆ ನುಣುಪಾಗಿತ್ತು. ಹಬ್ಬು ಒಂದೇ ದಿನ ಅಲುಗಾಡಿದ್ದಲ್ಲ. ದಿನಗಟ್ಟಲೆ ಅಲುಗಾಡಿ ಶಾಫ್ಟನ್ನು ಕೊಯ್ದಿತ್ತು. ಮರಕ್ಕೆ ಗುದ್ದಿ ಚಕ್ರ ಕಳಚಿದ್ದಲ್ಲ. ಚಕ್ರ ಕಳಚಿಯೇ ಮರಕ್ಕೆ ಗುದ್ದಿದ್ದು.

ಬೆರಳು ಕೊಯ್ಯದಿರಲೆಂದು ತಗಡಿನ ಅಂಚನ್ನು ಸೀರೆಯ ಅಂಚಿನಂತೆ ಒಳಕ್ಕೆ ಮಡಿಸಿ ತಟ್ಟಲಾಗಿತ್ತು. ಮನೆಯ ಎಣ್ಣೆ ಆಲಿಕೆ, ಮೊಳೆ ಡಬ್ಬಿ, ಎಲ್ಲದರ ಅಂಚೂ ಹೀಗೇ. ಹಾಗೆ ಮಡಿಸುವ ಕೈ ಆ ಮನೆಯಲ್ಲಿ ಒಂದೇ ಇತ್ತು. 'ಹಬ್ಬಿಗೆ ತಗಡು ತುರುಕೋನು ಮೆಕ್ಯಾನಿಕ್ ಅಲ್ಲ, ಕೊಲೆಗಾರ' ಎಂದು ಅವಳಿಗೆ ಪಾಠ ಹೇಳಿದ್ದೂ ಆ ಕೈಯವರೇ.

"ಕೂಡುತ್ತೇನಮ್ಮ?" ವಕೀಲರು ಬಗ್ಗಿದರು.

"ಇಲ್ಲ ಸಾರ್. ಮಾವ ಹೇಳಿದ್ದೇ ಸರಿ. ನಾಳೆ ಬನ್ನಿ."

ಮಾವ ಬಂದಾಗ ಅವಳು ಕಾರಿನ ಪಕ್ಕದ ಸ್ಟೂಲಿನ ಮೇಲಿದ್ದಳು, ಅಂಗೈಯಲ್ಲಿ ತಗಡು. ಅವರು ಬೇರಿಂಗಿನ ಪೊಟ್ಟಣವನ್ನು ಮೆಲ್ಲಗೆ ಕೆಳಗಿಟ್ಟರು.

"ಸರಿಯಾದ ಶಾಫ್ಟ್ ಎಲ್ಲೂ ಸಿಗಲಿಲ್ಲ. ಸಿಕ್ಕ ತಕ್ಷಣ ಬದಲಾಯಿಸೋಣ ಅಂತಿದ್ದೆ."

"ಅವರಿಗೆ ಹೇಳಿದ್ರಾ?"

"ಹೇಳಿದ್ರೆ ನಗ್ತಿದ್ದ. ಅಪ್ಪನಿಗೂ ಆಗಲ್ವಾ ಅಂತ."

"ನಾನು ಬೇಗ ಬನ್ನಿ ಅಂದಿದ್ದಕ್ಕೇ ಹೋದರು ಅಂತ ಇಷ್ಟು ವರ್ಷ ಅತ್ತೆ ಅಂದಾಗ, ನೀವು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ರಿ."

ಮಾವ ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಅವಳಿಗೆ ಹೇಳ್ಬೇಡ ತಾಯಿ. ಮಗ ಹೋದ. ಈಗ ಗಂಡನೂ ಹೋಗ್ಬೇಕಾ ಅವಳಿಗೆ?"

"ಸೊಸೆ ಹೋದ್ರೆ ನಡೀತಿತ್ತು, ಅಲ್ವಾ ಮಾವ?"

ಅವಳು ಎದ್ದಳು. ಎದೆಯ ಮೇಲಿನ ಕಲ್ಲು ಇಳಿದು ಹಗುರಾಗಬೇಕಿತ್ತು. ಹಗುರಾಗಲಿಲ್ಲ. ತಪ್ಪು ತನ್ನದೆಂದುಕೊಂಡಾಗ ಗಂಡ ಹೇಗೋ ತನ್ನ ಬಳಿಯೇ ಇದ್ದ. ಈಗ ಅವನು ಬರೀ ಸತ್ತವನು.

"ಬಂದ್ಯಾ ಮಹಾರಾಣಿ? ಕಬ್ಬಿಣ ಕುಟ್ಟಿ ಹೊಟ್ಟೆ ತುಂಬಿತಾ?" ಅಡುಗೆಮನೆಯಲ್ಲಿ ಅತ್ತೆ ಎಂದಿನ ರಾಗ ತೆಗೆದರು.

ಅವಳು ತಗಡನ್ನು ಒಲೆಕಟ್ಟೆಯ ಮೇಲಿಟ್ಟು, ನಿಂತಲ್ಲೇ ಎಲ್ಲ ಹೇಳಿದಳು. ಅತ್ತೆ ಮಡಿಸಿದ ಅಂಚನ್ನು ಬೆರಳಿನಿಂದ ಸವರಿದರು. ಇನ್ನೊಂದು ಸಲ ಸವರಿದರು. ಒಲೆ ಆರಿಸಿ ನೆಲದ ಮೇಲೆ ಕೂತರು. ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು ಶುರುವಾಗಿ ನಿಂತುಹೋಯಿತು. ಮಾವ ಕೈ ತೊಳೆಯುವ ಸಪ್ಪಳ ಕೇಳಿಸಿತು.

"ಊಟಕ್ಕೆ ಬರ್ತಾರೆ," ಎಂದರು ಅತ್ತೆ ಗೋಡೆಗೆ. ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಬೈಗುಳವಿಲ್ಲದ ದನಿಯಲ್ಲಿ, "ನೀನೇ ಬಡಿಸಮ್ಮಾ. ನನ್ನ ಕೈಲಿ ಆಗಲ್ಲ."

ಸೊಸೆ ತಟ್ಟೆ ತೆಗೆದಳು. ಕೆಳಗಿಡಲಾಗದೆ ಹಿಡಿದುಕೊಂಡೇ ನಿಂತಳು.