ಸಾಮಾನಿಗೆ ಜಾಗ

ಮದುವೆಯಾದಾಗಿನಿಂದ ಗಂಡನದು ಒಂದೇ ಮಾತು: "ಮೊದಲು ಕಾರು ಬದಲಾಯಿಸೋಣ, ಆಮೇಲೆ ಗುಬ್ಬಿ ವಿಷಯ ನೋಡೋಣ."

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿನ ಮಾತು. ಗುಬ್ಬಿ ಅವಳ ಮೊದಲ ಮದುವೆಯ ಮಗಳು, ಒಂಬತ್ತು ವರ್ಷದವಳು. ಸದ್ಯಕ್ಕೆ ತಾಯಿಯ ಅಕ್ಕನ ಮನೆಯಲ್ಲಿದ್ದಳು. ಆ "ಸದ್ಯಕ್ಕೆ" ಎಳೆದು ಎಳೆದು ವರ್ಷಕ್ಕೆ ಬಂದು ನಿಂತಿತ್ತು. ಭಾವ ಒಳ್ಳೆಯವನೇ, ಆದರೆ ಒಳ್ಳೆಯತನಕ್ಕೂ ಒಂದು ಗಡುವು ಇರುತ್ತದೆ. ಪರೀಕ್ಷೆ ಮುಗಿದ ಮೇಲೆ ಮಗು ತಾಯಿಯ ಮನೆಗಾದರೂ ಹೋಗಲಿ, ಹಾಸ್ಟೆಲಿಗಾದರೂ ಹೋಗಲಿ ಎಂದು ಅವನು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಗಂಡನಿಗೆ ಟೈಲ್ಸ್ ಅಂಗಡಿ. ಮೊದಲನೆಯ ಹೆಂಡತಿ ತೀರಿಕೊಂಡು ಇಬ್ಬರು ಗಂಡುಮಕ್ಕಳನ್ನು ಬಿಟ್ಟುಹೋಗಿದ್ದಳು. ಜೊತೆಗೆ ಅವನ ತಾಯಿ. ಹಳೆಯ ಕಾರಿನಲ್ಲಿ ಇವಳೂ ಕೂತರೆ ಅಲ್ಲಿಗೆ ಭರ್ತಿ. ಹಾಗಾಗಿ ಮನೆಯಲ್ಲಿ ಐದು ಸೀಟಿನ ಎಸ್‌ಯುವಿಯೋ ಏಳು ಸೀಟಿನದೋ ಎಂಬ ಚರ್ಚೆ ಎದ್ದಾಗ ಉಳಿದವರೆಲ್ಲ ಮೈಲೇಜು, ಸನ್‌ರೂಫು ಅಂತ ಮಾತಾಡಿದರು. ಅವಳಿಗೆ ಮಾತ್ರ ಅದು ಮಗಳು ಮನೆಗೆ ಬರುತ್ತಾಳೋ ಇಲ್ಲವೋ ಎಂಬ ತೀರ್ಪು.

"ಎಲ್ಲರೂ ಬಂದು ಕೂತು ನೋಡಿ. ಗುಬ್ಬೀನೂ ಕರ್ಕೊಂಡು ಬಾ," ಎಂದ ಗಂಡ. ಅಷ್ಟಕ್ಕೇ ಅವಳು ಉಬ್ಬಿಹೋದಳು. ಮಗಳಿಗೆ ಇಸ್ತ್ರಿ ಮಾಡಿದ ಫ್ರಾಕು ಹಾಕಿ, ಎರಡು ಜಡೆ ಬಿಗಿದು, "ಯಾರು ಏನು ಕೇಳಿದ್ರೂ ಜಾಣೆ ಹಾಗೆ ಉತ್ತರ ಕೊಡು" ಎಂದು ಹೇಳಿ ಕರೆತಂದಳು.

ಷೋರೂಮಿನಲ್ಲಿ ಎರಡು ಗಾಡಿಗಳೂ ಅಕ್ಕಪಕ್ಕ ನಿಂತಿದ್ದವು. ಮಧ್ಯಮ ಗಾತ್ರದ್ದು ಅಚ್ಚುಕಟ್ಟಾಗಿತ್ತು. ದೊಡ್ಡದರ ಬಾನೆಟ್ಟು ಗುಬ್ಬಿಯ ತಲೆಗಿಂತ ಮೇಲಿತ್ತು. ಟೈ ಕಟ್ಟಿದ ಸೇಲ್ಸ್‌ಮನ್ ಮೊದಲಿಗೇ ಕೇಳಿದ, "ಫ್ಯಾಮಿಲಿ ಎಷ್ಟು ಜನ ಸರ್?"

ಗಂಡ ಅವಳ ಮುಖ ನೋಡಿದ. ಬಾಯಿ ಮುಚ್ಚಿಕೊಂಡಿರು ಎನ್ನುವ ನೋಟ ಅದು ಎಂದುಕೊಂಡಳು ಅವಳು. ಅಷ್ಟರಲ್ಲಿ ಅತ್ತೆ, "ಐದು ಜನ ಕಣಪ್ಪ," ಎಂದರು.

ಸೇಲ್ಸ್‌ಮನ್ ಆರು ತಲೆ ಎಣಿಸಿ, ಎರಡು ಜಡೆಯ ತಲೆಯ ಮೇಲೆ ಕಣ್ಣು ನಿಲ್ಲಿಸಿದ.

"ಅದು ಇವಳ ಅಕ್ಕನ ಮನೇಲಿರೋ ಮಗು," ಎಂದರು ಅತ್ತೆ. ಸುಳ್ಳೇನಲ್ಲ ನೋಡಿ. ಮನುಷ್ಯರು ಒಬ್ಬರನ್ನೊಬ್ಬರು ಕೊಯ್ಯುವುದಕ್ಕೆ ಸುಳ್ಳೇ ಆಗಬೇಕೆಂದಿಲ್ಲ.

ಅವಳು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿ. ಬೆಳಗಿನಿಂದ ಸಂಜೆಯವರೆಗೆ "ಬಾಯಿ ತೆಗೀರಿ, ಇನ್ನೂ ದೊಡ್ಡದಾಗಿ ತೆಗೀರಿ" ಎಂದು ಊರವರಿಗೆಲ್ಲ ಹೇಳುವವಳು. ಇಲ್ಲಿ ಅವಳ ಬಾಯಿಗೇ ಬೀಗ ಬಿತ್ತು. ನೇರವಾಗಿ ಕೇಳಿ ಅವನು ಇಲ್ಲ ಅಂದುಬಿಟ್ಟರೆ ಕಥೆ ಮುಗಿಯಿತು. ಕೇಳದೆ ಇರುವಷ್ಟು ದಿನ ಆಸೆಯಾದರೂ ಉಸಿರಾಡುತ್ತಿರುತ್ತದೆ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಅನ್ನುತ್ತಾರೆ. ಆದರೆ ತಾಯಿಯೇ ಅಳಬೇಕಾದಾಗ ಅದು ಎಷ್ಟು ಕಷ್ಟ ಎಂದು ಆ ಗಾದೆ ಕಟ್ಟಿದವರಿಗೇನು ಗೊತ್ತು?

ಗಂಡುಹುಡುಗರು ಮುಂದಿನ ಸೀಟಿಗೆ ಕಿತ್ತಾಡುತ್ತಿದ್ದರು. ಗುಬ್ಬಿ ಸದ್ದಿಲ್ಲದೆ ದೊಡ್ಡ ಗಾಡಿಯ ಕೊನೆಯ ಸಾಲಿಗೆ ನುಸುಳಿ, ಯಾರೂ ಹೇಳದೆಯೇ ಬೆಲ್ಟು ಹಾಕಿಕೊಂಡು, ಕೈಕಟ್ಟಿ ಕೂತಳು. ಅದನ್ನು ನೋಡಿದ ಮೇಲೆ ತಾಯಿಗೆ ಹೇಗೋ ಧೈರ್ಯ ಬಂತು.

"ದೊಡ್ಡದೇ ತಗೊಳ್ಳೋಣ ರೀ," ಎಂದಳು. "ಚಿಕ್ಕದರಲ್ಲಿ ಲಗೇಜ್‌ಗೆ ಜಾಗ ಸಾಲಲ್ಲ. ನಿಮ್ಮ ಸ್ಯಾಂಪಲ್ ಡಬ್ಬಗಳೇ ಎಷ್ಟಿವೆ! ಹುಡುಗರ ಸೈಕಲ್ ಬೇರೆ. ಅತ್ತೆಗೂ ಕಾಲು ನೀಡ್ಕೊಂಡು ಕೂರೋಕಾಗುತ್ತೆ."

"ಹಾಸಿಗೆ ಇದ್ದಷ್ಟು ಕಾಲು ಚಾಚ್ತೀನಿ ಬಿಡಮ್ಮ," ಎಂದರು ಅತ್ತೆ. "ಈ ಆನೇನ ನಮ್ಮ ರಸ್ತೇಲಿ ತಿರುಗಿಸೋರು ಯಾರು?"

ಅವಳು ಬಿಡಲಿಲ್ಲ. ಡಬ್ಬಗಳ ಪರವಾಗಿ ವಾದಿಸಿದಳು, ಸೈಕಲ್ಲುಗಳ ಪರವಾಗಿ ವಾದಿಸಿದಳು, ಎಂದೂ ಬಾರದ ನೆಂಟರ ಪೆಟ್ಟಿಗೆಗಳಿಗೂ ಜಾಗ ಕೇಳಿದಳು. ಹೆತ್ತ ಮಗಳೊಬ್ಬಳನ್ನು ಬಿಟ್ಟು ಜಗತ್ತಿನ ಸಕಲ ಸಾಮಾನಿಗೂ ಅವಳು ವಕೀಲೆಯಾದಳು. ಗಂಡ ಅಂಗಡಿಯ ಟೇಪು ಹಿಡಿದು ಗಾಡಿಯ ಅಗಲ ಅಳೆದ. ಮನೆಯ ಗೇಟಿನಲ್ಲಿ ನುಗ್ಗಿಸಿದರೂ ಅಂಗೈಯಷ್ಟು ಸಂದು ಉಳಿಯುತ್ತಿತ್ತು.

"ಸರಿ. ನೀನು ಹೇಳೋದ್ರಲ್ಲಿ ಅರ್ಥ ಇದೆ, ದೊಡ್ಡದೇ ಇರಲಿ," ಎಂದ.

ಅವತ್ತು ಅವಳು ಎಷ್ಟು ಹಗುರಾದಳೆಂದರೆ, ಮಾರನೆಯ ದಿನ ಹಲ್ಲು ಕೀಳಿಸಿಕೊಳ್ಳಲು ಬಂದವರ ಜೊತೆಗೂ ನಗುತ್ತಿದ್ದಳು. ಗಾಡಿ ಕೈಗೆ ಬರುವುದು ತಡವಾಯಿತು. ಪರೀಕ್ಷೆ ಮುಗಿಯಿತು. ಭಾವ ಕಾಯಲಿಲ್ಲ. "ಸ್ವಲ್ಪ ದಿನ ಅಷ್ಟೇ ಕಂದಾ, ಕಾರು ಬಂದ ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ," ಎಂದು ಹೇಳಿ ಅವಳು ಗುಬ್ಬಿಯನ್ನು ಹಾಸ್ಟೆಲಿಗೆ ಬಿಟ್ಟುಬಂದಳು. ಮಗಳು ಅಳಲಿಲ್ಲ. ಅಳದ ಮಕ್ಕಳನ್ನು ಕಂಡರೆ ಹೆದರಬೇಕು. ತಾಯಿ ಮಾತ್ರ ಮಗಳು ಜಾಣೆ ಎಂದು ಹೆಮ್ಮೆಪಟ್ಟಳು.

ಗಾಡಿ ಬಂದ ದಿನ ಕ್ಲಿನಿಕ್ಕಿನಿಂದ ನೇರ ಅಂಗಡಿಗೆ ಓಡಿದಳು. ಗಂಡ ಹಿಂದಿನ ಬಾಗಿಲೆತ್ತಿ ನಿಂತಿದ್ದ. ಒಳಗೆ ಕೊನೆಯ ಸಾಲೇ ಇರಲಿಲ್ಲ. ಅಲ್ಲಿ ಪ್ಲೈವುಡ್ ಹಲಗೆ, ಮೇಲೊಂದು ರಬ್ಬರ್ ಹಾಸು, ಅದರ ಮೇಲೆ ಸಾಲಾಗಿ ಟೈಲ್ಸಿನ ಡಬ್ಬಗಳು. ಬಿಚ್ಚಿದ ಎರಡು ಸೀಟು ಪ್ಲಾಸ್ಟಿಕ್ ಸಮೇತ ಗೋದಾಮಿನ ಗೋಡೆಗೆ ಒರಗಿದ್ದವು.

"ನೋಡು, ನೀನು ಹೇಳಿದ ಹಾಗೇ ಮಾಡಿಸಿದೀನಿ," ಎಂದ ಗಂಡ ಖುಷಿಯಿಂದ. "ಈಗ ಎಷ್ಟು ಸಾಮಾನು ಬೇಕಾದ್ರೂ ತುಂಬು."

ಅವಳು ಡಬ್ಬದ ಮೇಲೆಯೇ ಕೂತಳು.

"ಅದು ಗುಬ್ಬಿ ಸೀಟು ರೀ."

ಅವನು ಕೈಗೆ ಮೆತ್ತಿದ್ದ ಧೂಳು ಕೊಡವಿದ. "ಗುಬ್ಬಿಗೆ ಅಂತ ಯಾವತ್ತು ಹೇಳ್ದೆ ನೀನು? ಅವನು ಎಷ್ಟು ಜನ ಅಂತ ಕೇಳ್ದಾಗ ನಿನ್ನ ಮುಖ ನೋಡ್ದೆ. ಆರು ಅಂತೀಯೇನೋ ಅಂತ ಕಾದೆ. ನೀನು ತುಟಿ ಪಿಟಕ್ಕನ್ನಲಿಲ್ಲ. ಹೊಸ ಸಂಸಾರದಲ್ಲಿ ಹಳೇದು ಬೇಡ ಅಂತ ನಿಂಗೇ ಅನ್ನಿಸಿದೆ ಅಂದ್ಕೊಂಡೆ."

ನಿಜವೋ, ಜಾರಿಕೊಳ್ಳುವ ಮಾತೋ, ಆ ದೇವರೇ ಬಲ್ಲ. ಸುಳ್ಳಾಗಿರಲಿ ಎಂದು ಅವಳು ಬೇಡಿಕೊಂಡಳು. ಸುಳ್ಳಾದರೆ ಅವನನ್ನು ದ್ವೇಷಿಸಿ ಹೇಗೋ ಬದುಕಬಹುದಿತ್ತು.

ಅವನು ಎರಡೇ ದಿನದಲ್ಲಿ ಸೀಟುಗಳನ್ನು ಮತ್ತೆ ಕೂರಿಸಿದ, ಅದನ್ನು ಒಪ್ಪಿಕೊಳ್ಳಬೇಕು. ಭಾನುವಾರ ಇಬ್ಬರೇ ಹಾಸ್ಟೆಲಿಗೆ ಹೋದರು. ಗುಬ್ಬಿ ಗೇಟಿನ ತನಕ ಬಂದಳು, ತಾಯಿ ಬಾಗಿಲು ತೆಗೆದು ತೋರಿಸಿದ ಕೊನೆಯ ಸಾಲನ್ನು ನೋಡಿದಳು. "ಚೆನ್ನಾಗಿದೆ ಅಂಕಲ್," ಎಂದಳು, ಬೇರೆಯವರ ಕಾರು ನೋಡಿ ಹೇಳುವ ಹಾಗೆ.

"ಹತ್ತು ಕಂದಾ, ಮನೆಗೆ ಹೋಗೋಣ."

ಗುಬ್ಬಿ ಅಡ್ಡಡ್ಡ ತಲೆಯಾಡಿಸಿದಳು. ಅವಳ ದನಿಯಲ್ಲಿ ಮುನಿಸಿರಲಿಲ್ಲ. "ಬೇಡಮ್ಮ. ನಾನು ಇಲ್ಲೇ ಇರ್ತೀನಿ."

"ಯಾಕೆ? ಇಲ್ಲಿ ಏನಿದೆ ಅಂತ?"

ಗುಬ್ಬಿ ಯೋಚಿಸಿದಳು. ಸುಳ್ಳು ಹೇಳುವ ಮಗು ಅಲ್ಲ ಅವಳು.

"ರಾತ್ರಿ ಮಲಗೋ ಮುಂಚೆ ಮೇಡಂ ಎಲ್ಲರನ್ನೂ ಎಣಿಸ್ತಾರೆ. ಒಂದು ಸಲ ನಾನು ಬಾತ್‌ರೂಮಲ್ಲಿದ್ದೆ. ಒಬ್ಬಳು ಕಡಿಮೆ ಬಂತು ಅಂತ ಲೈಟ್ ಆಫ್ ಮಾಡಲೇ ಇಲ್ಲ, ನಾನು ಬರೋವರೆಗೂ."

ಒಳಗೆ ಊಟದ ಗಂಟೆ ಹೊಡೆಯಿತು. ಗುಬ್ಬಿ ಇಬ್ಬರಿಗೂ ಕೈಬೀಸಿ, ಓಡಿಹೋಗಿ ಹುಡುಗಿಯರ ಸಾಲಿನಲ್ಲಿ ನಿಂತುಕೊಂಡಳು.