ನೈದಿಲೆ ದಂಟಿನ ನಕ್ಷತ್ರಗಳು

ಆಕಾಶಕ್ಕೂ ಕೊಳಕ್ಕೂ ಮಾತುಕತೆ ಇದ್ದ ಕಾಲದಲ್ಲಿ ನಕ್ಷತ್ರಗಳೆಲ್ಲ ಸ್ನಾನಕ್ಕೆಂದು ನೀರಿಗಿಳಿದವಂತೆ. ಆಟದಲ್ಲಿ ಮೈಮರೆತು ಬೆಳಗಾದದ್ದೇ ತಿಳಿಯಲಿಲ್ಲವಂತೆ. ನಾಚಿಕೊಂಡು ನೈದಿಲೆಯ ದಂಟಿನೊಳಗೆ ಅವಿತುಕೊಂಡವಂತೆ.

ಅಜ್ಜಿ ಹೇಳುತ್ತಿದ್ದ ಈ ಕಥೆಯನ್ನು ಮೊಮ್ಮಗಳು ವಿಜ್ಞಾನ ಕಾಲೇಜು ಸೇರಿದ ಹೊಸತರಲ್ಲೇ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಒದರಿಬಿಟ್ಟಿದ್ದಳು. ಇಡೀ ತರಗತಿ ಗೊಳ್ಳೆಂದಿತು. ಮೇಡಂ ಮಾತ್ರ ನಗಲಿಲ್ಲ.

“ಹಾಗಾದ್ರೆ ದಂಟನ್ನ ತೆಳ್ಳಗೆ ಕತ್ತರಿಸಿ ನಕ್ಷತ್ರ ತೋರಿಸು, ಕಥೆಪುಟ್ಟಿ. ಕತ್ತರಿಸೋ ಯಂತ್ರ ಮುಟ್ಟಬಾರದು, ನಿನ್ನ ಕೈಯಲ್ಲೇ ಆಗಬೇಕು.”

“ತೋರಿಸ್ತೀನಿ ಮೇಡಂ,” ಎಂದು ಮಾತು ಕೊಟ್ಟಳು. ಕೊಟ್ಟದ್ದಷ್ಟೇ ಬಂತು. ಆ ದಂಟಿನಲ್ಲಿ ನಕ್ಷತ್ರದಾಕಾರದ ಕೋಶಗಳು ನಿಜಕ್ಕೂ ಇವೆಯೆಂದು ಪಠ್ಯದಲ್ಲಿ ಓದಿದ ದಿನ ಅಜ್ಜಿಯ ಕೊರಳಿಗೆ ಜೋತುಬಿದ್ದು ಕುಣಿದಿದ್ದಳು. ಆದರೆ ಗಾಳಿಗೊಳವೆಗಳೇ ತುಂಬಿದ ದಂಟು ಬ್ಲೇಡ್ ತಾಗಿದರೆ ಸಾಕು, ಮುದ್ದೆಯಾಗುತ್ತಿತ್ತು. ಪದವಿ ಮುಗಿಯಿತು. ಅದೇ ವಿಭಾಗದಲ್ಲಿ ಸಂಶೋಧನೆಗೂ ಸೇರಿದಳು. ಅಜ್ಜಿ ಹೋಗಿಬಿಟ್ಟಳು. ಮಾತು ಹಾಗೇ ಉಳಿದಿತ್ತು.

ಇಂದು ಮೇಡಂಗೆ ನಿವೃತ್ತಿ. ಬೀಳ್ಕೊಡುಗೆಯ ಚಹಾ ಮುಗಿಸಿ, ಬೀಗದ ಕೈ ಒಪ್ಪಿಸುವ ಮುನ್ನ ಅವರು ಪ್ರಯೋಗಾಲಯಕ್ಕೆ ಬಂದರು. ಬಣ್ಣದ ಕಲೆ ಹತ್ತಿದ ಉದ್ದನೆಯ ಮೇಜು, ಸ್ಪಿರಿಟ್ಟಿನ ವಾಸನೆ, ಕುಂಟು ಸ್ಟೂಲು, ಅದರ ಮೇಲೆ ಬೆನ್ನು ಬಾಗಿಸಿ ಕೂತ ಅವಳು.

“ಏನೇ, ಮನೆಗೆ ಹೋಗಲ್ವಾ?”

“ನಿಮ್ಮನ್ನ ಬರಿಗೈಲಿ ಕಳಿಸಲ್ಲ ಮೇಡಂ.”

ಅಲುಗದಿರಲೆಂದು ಸೀಳಿದ ಕ್ಯಾರೆಟ್ ತುಂಡಿನ ನಡುವೆ ದಂಟನ್ನಿಟ್ಟು ಬ್ಲೇಡ್ ಎಳೆದಳು. ಮತ್ತೆ ಮುದ್ದೆ.

“ಉಸಿರು ಬಿಗಿಹಿಡೀತೀಯ, ಕೈ ನಡುದಾರೀಲಿ ನಿಂತುಬಿಡುತ್ತೆ. ನಿಮ್ಮಜ್ಜಿ ಹೀಗೇ ಉಸಿರು ಕಟ್ಕೊಂಡು ಕಥೆ ಹೇಳ್ತಿದ್ರಾ?”

“ಇಲ್ಲಪ್ಪ! ತರಕಾರಿ ಹೆಚ್ಚುತ್ತಾ ಹೇಳ್ತಿದ್ಳು.”

“ಮತ್ತೆ? ಹೇಳು, ಕೇಳಿಸ್ಕೋತೀನಿ.”

ಅವಳಿಗೆ ನಗು ಬಂತು. “ಆಕಾಶಕ್ಕೂ ಕೊಳಕ್ಕೂ ಮಾತುಕತೆ ಇದ್ದ ಕಾಲದಲ್ಲಿ...” ಎಂದು ಶುರುಮಾಡಿದಳು. ಮಾತಿನ ಜೊತೆಗೇ ಬ್ಲೇಡ್ ಅವಳತ್ತ ಜಾರಿ ಬಂತು. ನಕ್ಷತ್ರಗಳು ಅವಿತುಕೊಳ್ಳುವ ಹೊತ್ತಿಗೆ ಗಾಜಿನ ಬಟ್ಟಲಿನ ನೀರಿನಲ್ಲಿ ಇಬ್ಬನಿಯಷ್ಟು ತೆಳುವಾದ ಬಿಲ್ಲೆಯೊಂದು ತೇಲುತ್ತಿತ್ತು. ಕುಂಚದ ತುದಿಯಿಂದ ಅದನ್ನು ಎತ್ತಿ ಸ್ಲೈಡಿಗಿಳಿಸಿದಳು.

ಮೇಡಂ ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತಿರುಪನ್ನು ಮೆಲ್ಲಗೆ ತಿರುಗಿಸುತ್ತಾ ಹುಡುಕಿದರು.

“ಬಂದಿವೆ ಕಣೇ,” ಎಂದರು ಕೊನೆಗೆ. “ಮೈ ಇನ್ನೂ ಒದ್ದೆ ಇದೆ.”